ಹಿತ್ತಿಲ ಈಜುಕೊಳ: ಸಂತೋಷವೂ ಹೊಣೆಯೂ

ಕಳೆದ ಬೇಸಗೆ ರಜೆಯಲ್ಲಿ ನಾವು ಕೊಯಮುತ್ತೂರಿನ ಬಂಧುಗಳಲ್ಲಿಗೆ ಹೋಗಿದ್ದೆವು. ದೇವಾಂಗ ನೇಕಾರರೇ ಮೊದಲಾಗಿ ಕನ್ನಡ ಮನೆಮಾತಿನವರು ತಲೆಮಾರುಗಳಿಂದ ನೆಲೆಸಿರುವ ಊರದು. ಮಕ್ಕಳಿಗೆಂದು ಹಿತ್ತಿಲ ನೆಲದ ಮೇಲೆಯೇ ನಿಲ್ಲಿಸುವ ಪ್ಲಾಸ್ಟಿಕ್ ಈಜುಕೊಳವೊಂದನ್ನು ತಂದಿದ್ದರು.

ದುಂಡನೆಯ ಕೊಳ, ಅಗಲ 3 ಮೀಟರ್, ನೀರಿನ ಆಳ 75 ಸೆಂಟಿಮೀಟರ್. ಲೆಕ್ಕ ಹಾಕಿದರೆ ನೀರು ಸುಮಾರು 5,300 ಲೀಟರ್. ಭಾರ ಐದು ಟನ್ನಿಗೂ ಮೇಲೆ! ಆದುದರಿಂದ ತಾರಸಿ ಸಲ್ಲದು. ಕಲ್ಲು, ಬೇರು ತೆಗೆದು, ರಸಮಟ್ಟವಿಟ್ಟು ಸಮಮಾಡಿದ ಗಟ್ಟಿ ನೆಲವೇ ಬೇಕು. ನೆಲ ವಾಲಿದರೆ ನೀರು ಒಂದೇ ಕಡೆ ಒತ್ತಿ ಕೊಳ ಕುಸಿದೀತು.

ಕೊಯಮುತ್ತೂರು ಮಳೆನೆರಳಿನ ಸೀಮೆ. ನಮ್ಮ ಕಾಸರಗೋಡಿನ ಮಳೆಯ ಕಾಲುಪಾಲೂ ಅಲ್ಲಿಲ್ಲ. ದಿನಾಲೂ ನೀರು ಚೆಲ್ಲುವಂತಿಲ್ಲ. ಸೋಸುವ ಪಂಪು ನಡೆಸಿ, ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಉಳಿಯುವಂತೆ ಪರೀಕ್ಷಿಸಿ, ರಾತ್ರಿ ಮುಚ್ಚಿಡಬೇಕು. ಆರೈಕೆ ತಪ್ಪಿದರೆ ವಾರ ಹತ್ತು ದಿನಗಳಲ್ಲಿ ಸೊಳ್ಳೆಗಳ ತವರಾದೀತು. ರಜೆ ಮುಗಿದಾಗ ಕ್ಲೋರಿನ್ ನಿಲ್ಲಿಸಿ, ಕೆಲವು ದಿನ ಬಿಸಿಲಿಗೆ ಬಿಟ್ಟು, ನೀರನ್ನು ತೆಂಗಿನ ಬುಡಕ್ಕೆ ಹರಿಸಿದೆವು.

ಒಂದು ಮಧ್ಯಾಹ್ನ ಮಾತ್ರ ಏಣಿ ತೆಗೆದಿಡಲು ಮರೆತಿದ್ದೆವು. ಎರಡು ವರ್ಷದ ಮಗು ಮೇಲಿನ ಮೆಟ್ಟಿಲೇರಿ ನಿಂತಿತ್ತು! ಅಜ್ಜಿ ಕಂಡುದರಿಂದ ಉಳಿಯಿತು. ಹಿರಿಯರೊಬ್ಬರು ಪಕ್ಕದಲ್ಲಿಲ್ಲದೆ ಏಣಿ ಇಡಲೇಕೂಡದು. ಕೊಳ ಚಿಕ್ಕದಾದರೂ ನೀರು ನೀರೇ.