ರಾತ್ರಿ ದೋಣಿಯಾನ: ದೀಪ ಕಂಡರಷ್ಟೇ ಸಾಲದು, ಅದರ ಅರ್ಥ ತಿಳಿಯಬೇಕು

ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 2023ರ ಮೇ 7ರ ಭಾನುವಾರ ಸಂಜೆ ಏಳು ಗಂಟೆ ದಾಟಿದ ಬಳಿಕ ಎರಡು ಅಂತಸ್ತಿನ ಪ್ರವಾಸಿ ದೋಣಿಯೊಂದು ಮಗುಚಿತು. 22 ಮಂದಿ ಸಾವಿಗೀಡಾದರು. ಅವರಲ್ಲಿ ಹೆಚ್ಚಿನವರು ರಜೆಯ ದಿನ ವಿಹಾರಕ್ಕೆಂದು ಬಂದಿದ್ದ ಕುಟುಂಬಗಳ ಮಕ್ಕಳು. ಮೀನುಗಾರಿಕೆಯ ದೋಣಿಯನ್ನೇ ಪ್ರವಾಸಿ ದೋಣಿಯಾಗಿ ಮಾರ್ಪಡಿಸಲಾಗಿತ್ತು, ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಳ್ಳಲಾಗಿತ್ತು ಎಂಬ ಸಂಗತಿಗಳು ಬಳಿಕ ಬೆಳಕಿಗೆ ಬಂದವು. ದಡ ದೂರವಿರಲಿಲ್ಲ, ಸ್ಥಳೀಯರು ಕೂಡಲೇ ನೀರಿಗಿಳಿದರು. ಆದರೆ ಕತ್ತಲು ಆವರಿಸಿದ್ದರಿಂದ ರಕ್ಷಣೆಯ ಕೆಲಸ ಬಹಳ ಕಠಿಣವಾಯಿತು.

ಹಗಲಿನಲ್ಲಿ ಸಣ್ಣದೆನಿಸುವ ತಪ್ಪು ರಾತ್ರಿಯಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ನೀರಿಗೆ ಬಿದ್ದವನ ತಲೆ ಹಗಲಿನಲ್ಲೇ ಅಲೆಗಳ ನಡುವೆ ಕಾಣುವುದು ಕಷ್ಟ. ಇರುಳಿನಲ್ಲಿ ಬಹುತೇಕ ಅಸಾಧ್ಯ. ಆದುದರಿಂದ ರಾತ್ರಿಯ ದೋಣಿಯಾನದ ಸುರಕ್ಷತೆಯೆಲ್ಲ ಎರಡು ಪ್ರಶ್ನೆಗಳ ಮೇಲೆ ನಿಂತಿದೆ: ನಾವು ಇತರರಿಗೆ ಕಾಣುತ್ತಿದ್ದೇವೆಯೇ? ಇತರರು ನಮಗೆ ಕಾಣುತ್ತಿದ್ದಾರೆಯೇ?

ದೀಪಗಳ ಭಾಷೆ

1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಪ್ರತಿ ನೌಕೆಯೂ ನಿಗದಿತ ದೀಪಗಳನ್ನು ಉರಿಸಬೇಕು. ನೌಕೆಯ ಮುಂಭಾಗಕ್ಕೆ ಮುಖಮಾಡಿ ನಿಂತವನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ, ಹಿಂಬದಿಯಲ್ಲಿ ಬಿಳಿ ದೀಪ. ಯಂತ್ರಚಾಲಿತ ನೌಕೆಯಾದರೆ ಮುಂದಕ್ಕೆ ಬೆಳಕು ಬೀರುವ ಮತ್ತೊಂದು ಬಿಳಿ ದೀಪ ಎತ್ತರದಲ್ಲಿರುತ್ತದೆ. ಕೆಂಪು ಮತ್ತು ಹಸಿರು ದೀಪಗಳು ತಲಾ 112.5 ಡಿಗ್ರಿಯಷ್ಟು, ಹಿಂಬದಿಯ ದೀಪ 135 ಡಿಗ್ರಿಯಷ್ಟು ಕೋನದಲ್ಲಿ ಮಾತ್ರ ಕಾಣುತ್ತವೆ. ಹೀಗಾಗಿ ಕಂಡ ಬಣ್ಣವೇ ಎದುರಿನ ನೌಕೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಹೇಳುತ್ತದೆ.

ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ನೌಕೆ ನೇರವಾಗಿ ನಮ್ಮತ್ತ ಬರುತ್ತಿದೆ ಎಂದರ್ಥ. ಎರಡೂ ಯಂತ್ರಚಾಲಿತವಾಗಿದ್ದರೆ ಇಬ್ಬರೂ ತಮ್ಮ ಬಲಕ್ಕೆ ತಿರುಗಬೇಕು. ನಮ್ಮ ಬಲಭಾಗದಿಂದ ಅಡ್ಡ ಹಾಯುವ ನೌಕೆಯ ಕೆಂಪು ದೀಪ ಕಂಡರೆ ದಾರಿ ಬಿಡಬೇಕಾದವರು ನಾವು. ಅದರ ಮುಂದಿನಿಂದ ನುಗ್ಗದೆ ವೇಗ ತಗ್ಗಿಸಬೇಕು ಅಥವಾ ಅದರ ಹಿಂದಿನಿಂದ ಸಾಗಬೇಕು. ಬಿಳಿ ದೀಪವೊಂದೇ ಕಂಡರೆ ಅದು ಮುಂದೆ ಸಾಗುತ್ತಿರುವ ನೌಕೆಯ ಹಿಂಬದಿ ಇರಬಹುದು, ಲಂಗರು ಹಾಕಿ ನಿಂತ ದೋಣಿ ಇರಬಹುದು, ಸಣ್ಣ ನಾಡದೋಣಿಯೂ ಇರಬಹುದು. ಹುಟ್ಟು ಹಾಕುವ ಪುಟ್ಟ ದೋಣಿಯಲ್ಲಿ ಟಾರ್ಚ್ ಅಥವಾ ಲಾಂದ್ರವನ್ನು ಕೈಗೆಟುಕುವಂತಿಟ್ಟುಕೊಂಡು, ಘರ್ಷಣೆ ತಪ್ಪಿಸಲು ಸಾಕಷ್ಟು ಮುಂಚೆ ತೋರಿಸಿದರೂ ನಿಯಮ ಪಾಲಿಸಿದಂತಾಗುತ್ತದೆ.

ಥೇಮ್ಸ್ ನದಿಯ ಪಾಠ

ದೀಪಗಳಿದ್ದ ಮಾತ್ರಕ್ಕೆ ಅಪಾಯ ತಪ್ಪದು. 1989ರ ಆಗಸ್ಟ್ 20ರ ನಸುಕಿನಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ಹುಟ್ಟುಹಬ್ಬದ ಸಂಭ್ರಮದಲ್ಲಿದ್ದ ವಿಹಾರ ನೌಕೆ ‘ಮಾರ್ಷನೆಸ್’ಗೆ ಹೂಳೆತ್ತುವ ಭಾರಿ ಹಡಗು ‘ಬೋಬೆಲ್’ ಡಿಕ್ಕಿ ಹೊಡೆಯಿತು. ವಿಹಾರ ನೌಕೆ ಕ್ಷಣಗಳಲ್ಲಿ ಮುಳುಗಿ 51 ಮಂದಿ ಅಸುನೀಗಿದರು. ಎರಡೂ ನೌಕೆಗಳಲ್ಲಿ ಸುತ್ತಲಿನ ನೀರಿನ ಮೇಲೆ ಸರಿಯಾದ ಕಾವಲು ಇರಲಿಲ್ಲ ಎಂಬುದೇ ತನಿಖೆಯ ಮುಖ್ಯ ನಿಷ್ಕರ್ಷೆ. ಆ ದುರಂತದ ಹಿನ್ನೆಲೆಯಲ್ಲಿ 2002ರಲ್ಲಿ ಥೇಮ್ಸ್ ನದಿಗೇ ಮೀಸಲಾದ ಜೀವರಕ್ಷಕ ದೋಣಿಗಳ ಠಾಣೆಗಳು ಆರಂಭವಾದವು.

ಕಾವಲು ಎಂದರೆ ಕಣ್ಣಿನ ಕೆಲಸವಷ್ಟೇ ಅಲ್ಲ, ಕಿವಿಯ ಕೆಲಸವೂ ಹೌದು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಮೊಬೈಲ್ ಪರದೆ ಅಥವಾ ಕ್ಯಾಮೆರಾದ ಮಿಂಚು ಆ ಶಕ್ತಿಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ನಕ್ಷೆ, ಉಪಕರಣಗಳನ್ನು ನೋಡಲು ಮಂದವಾದ ಕೆಂಪು ಬೆಳಕನ್ನು ನಾವಿಕರು ಬಳಸುವುದು ಇದೇ ಕಾರಣಕ್ಕೆ. ಅಬ್ಬರದ ಸಂಗೀತವಿದ್ದರೆ ಎದುರಿನ ಎಂಜಿನ್ನಿನ ಸದ್ದಾಗಲಿ, ನೀರಿಗೆ ಬಿದ್ದವರ ಕೂಗಾಗಲಿ ಕೇಳಿಸದು.

ನಗರದ ಸಮೀಪದ ನೀರಿನಲ್ಲಿ ಇನ್ನೊಂದು ತೊಡಕಿದೆ. ದಡದ ಕಟ್ಟಡ, ವಾಹನಗಳ ಬೆಳಕಿನ ನಡುವೆ ದೋಣಿಯ ದೀಪ ಕಳೆದುಹೋಗುತ್ತದೆ. ದೂರದ ಅಂದಾಜೂ ತಪ್ಪುತ್ತದೆ. ದೋಣಿಗೆ ಬ್ರೇಕ್ ಇಲ್ಲ. ಆದುದರಿಂದ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ರಾತ್ರಿಯ ಸುರಕ್ಷಿತ ವೇಗ. ಹಗಲಿನಲ್ಲಿ ಪರಿಚಿತವಾದ ಬಂಡೆ, ಮರಳದಿಣ್ಣೆ, ಮೀನಿನ ಬಲೆಗಳು ಇರುಳಿನಲ್ಲಿ ಕಾಣುವುದಿಲ್ಲ.

ಹತ್ತುವ ಮುನ್ನ

ಪ್ರಯಾಣಿಕರ ಕೈಯಲ್ಲಿರುವ ದೊಡ್ಡ ರಕ್ಷಣೆ ಲೈಫ್ ಜಾಕೆಟ್. ಅದು ಆಸನದಡಿ ಇದ್ದರೆ ಪ್ರಯೋಜನವಿಲ್ಲ. ಮಗುಚುವ ದೋಣಿಯಲ್ಲಿ ಅದನ್ನು ಹುಡುಕಿ ತೊಡುವಷ್ಟು ಸಮಯ ದೊರೆಯದು. ಮಕ್ಕಳಿಗೆ ಅವರ ಅಳತೆಯದೇ ಬೇಕು. ದೊಡ್ಡವರ ಜಾಕೆಟ್‌ನಿಂದ ಮಗು ಜಾರಿಹೋಗುವ ಸಾಧ್ಯತೆಯಿದೆ. ಜಾಕೆಟ್‌ಗೆ ಒಂದು ಸೀಟಿ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರಬೇಕು. ಕತ್ತಲಿನಲ್ಲಿ ಕೂಗಿಗಿಂತ ಸೀಟಿಯ ಸದ್ದು ದೂರ ಸಾಗುತ್ತದೆ, ಶಕ್ತಿಯೂ ಉಳಿಯುತ್ತದೆ.

ಎರಡನೆಯದು ಭಾರ. ಮೇಲಿನ ಅಂತಸ್ತಿನಲ್ಲಿ ಜನ ಹೆಚ್ಚಿದಷ್ಟೂ ದೋಣಿಯ ಸಮತೋಲನ ಕೆಡುತ್ತದೆ. ದೃಶ್ಯ ನೋಡಲೆಂದು ಎಲ್ಲರೂ ಒಂದೇ ಬದಿಗೆ ಸರಿದರೆ ವಾಲಿದ ದೋಣಿ ಮತ್ತೆ ನೆಟ್ಟಗಾಗದಿರಬಹುದು. ಅತಿಭಾರದ ಅಪಾಯಕ್ಕೆ ಕತ್ತಲೇ ಬೇಕೆಂದಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಹಗಲಿನಲ್ಲೇ ಮಗುಚಿ 16 ಮಂದಿ ಮೃತಪಟ್ಟಿದ್ದನ್ನು ರಾಜ್ಯ ಮರೆತಿಲ್ಲ.

ಒಳನಾಡಿನ ಜಲಮಾರ್ಗಗಳಿಗೆ 1917ರ ಹಳೆಯ ಕಾಯ್ದೆಯ ಬದಲಿಗೆ 2021ರಲ್ಲಿ ಹೊಸ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ನೋಂದಣಿ, ತಪಾಸಣಾ ಪ್ರಮಾಣಪತ್ರ, ದೀಪ ಮತ್ತು ಸಂಕೇತಗಳ ಬಗ್ಗೆ ಅದರಲ್ಲಿ ಸ್ಪಷ್ಟ ವಿಧಿಗಳಿವೆ. ನೋಂದಣಿ ಸಂಖ್ಯೆಯಿಲ್ಲದ, ದೀಪವಿಲ್ಲದ, ಜಾಕೆಟ್ ಕೊಡದ ದೋಣಿಯನ್ನು ಹತ್ತದಿರುವ ಹಕ್ಕು ಪ್ರಯಾಣಿಕರಿಗೆ ಯಾವಾಗಲೂ ಇದೆ. ಸೂರ್ಯಾಸ್ತದ ನಂತರ ವಿಹಾರಕ್ಕೆ ಅನುಮತಿಯಿಲ್ಲದ ಕಡೆ ‘ಕೊನೆಯ ಒಂದು ಸುತ್ತು’ ಎಂಬ ಆಮಿಷಕ್ಕೆ ಒಳಗಾಗಬಾರದು.

ಅವಘಡ ಸಂಭವಿಸಿದರೆ

ದೋಣಿ ಮಗುಚಿದರೂ ತೇಲುತ್ತಿದ್ದರೆ ಅದನ್ನು ಬಿಡದೆ ಹಿಡಿದುಕೊಳ್ಳುವುದು ಮೇಲು. ಕತ್ತಲಿನಲ್ಲಿ ದಡ ಇರುವುದಕ್ಕಿಂತ ಹತ್ತಿರ ತೋರುತ್ತದೆ. ಈಜಲು ಹೊರಟವರು ದಣಿದು ಮುಳುಗಿದ ನಿದರ್ಶನಗಳು ಹಲವು. ರಕ್ಷಕರಿಗೂ ಒಬ್ಬನ ತಲೆಗಿಂತ ದೋಣಿಯ ಒಡಲು ಬೇಗ ಕಾಣುತ್ತದೆ. ಯಾರಾದರೂ ನೀರಿಗೆ ಬಿದ್ದರೆ ಒಬ್ಬರು ಅವರತ್ತಲೇ ದೃಷ್ಟಿ ನೆಟ್ಟು ಕೈ ತೋರುತ್ತಿರಬೇಕು, ಚಾಲಕ ಎಂಜಿನ್‌ನ ಪಂಕ ಅವರಿಗೆ ತಗಲದಂತೆ ನೋಡಿಕೊಳ್ಳಬೇಕು. ಸಮುದ್ರದಲ್ಲಿ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಅಥವಾ ಕರಾವಳಿ ಕಾವಲು ಪಡೆಯ 1554, ಉಳಿದೆಡೆ 112 ಸಂಖ್ಯೆ ನೆರವಿಗಿದೆ.

ಇವೆಲ್ಲಕ್ಕಿಂತ ಸರಳವಾದ ಮುನ್ನೆಚ್ಚರಿಕೆಯೊಂದಿದೆ. ಎಷ್ಟು ಮಂದಿ, ಯಾವ ದೋಣಿಯಲ್ಲಿ, ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸಿ ಹೊರಡುವುದು. ಹೇಳಿದ ಹೊತ್ತಿಗೆ ದೋಣಿ ಬಾರದಿದ್ದರೆ ಹುಡುಕಾಟ ಆರಂಭವಾಗುವುದು ಅವರಿಂದಲೇ.