ನ್ಯೂ ಆರ್ಲಿಯನ್ಸ್‌ನಲ್ಲಿ ಹಿಮ ಬಿದ್ದದ್ದು ಹೇಗೆ?

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂ ಆರ್ಲಿಯನ್ಸ್ ನಗರ ಮೆಕ್ಸಿಕೊ ಕೊಲ್ಲಿಯ ಸಮೀಪ, ಸುಮಾರು 30 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಮ್ಮ ಹರಿದ್ವಾರದ ಅಕ್ಷಾಂಶವೂ ಇಷ್ಟೇ. ಸೆಕೆಗೂ ಚಂಡಮಾರುತಗಳಿಗೂ ಹೆಸರಾದ ಈ ನಗರದಲ್ಲಿ ಹಲವು ಚಳಿಗಾಲಗಳು ಹಿಮವಿಲ್ಲದೆಯೇ ಕಳೆಯುತ್ತವೆ. ಆದರೆ 2025ರ ಜನವರಿ 21ರಂದು ಅಲ್ಲಿನ ವಿಮಾನ ನಿಲ್ದಾಣದಲ್ಲಿ 8 ಅಂಗುಲ, ಅಂದರೆ ಸುಮಾರು 20 ಸೆಂ.ಮೀ. ಹಿಮ ಬಿದ್ದಿತು. ಆ ನಗರ ಇಷ್ಟು ಹಿಮ ಕಂಡದ್ದು 1895ರ ಫೆಬ್ರವರಿಯಲ್ಲಿ. ಭೂಮಿ ಬಿಸಿಯಾಗುತ್ತಿದೆ ಎಂದು ಪಾಠ ಹೇಳುವಾಗ, "ಹಾಗಾದರೆ ಇದು ಹೇಗೆ?" ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ಇದಕ್ಕೆ ಉತ್ತರ ಕೊಡಬಹುದು.

ಚಳಿಯೊಂದೇ ಸಾಲದು

ಹಿಮ ಬೀಳಲು ಎರಡು ಅಂಶಗಳು ಬೇಕು: ಶೀತ ಮತ್ತು ನೀರಾವಿ. ಇವೆರಡೂ ಒಟ್ಟಿಗೆ ದೊರೆಯುವುದು ಸುಲಭವಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಗರಿಷ್ಠ 17 ಗ್ರಾಂನಷ್ಟು ನೀರಾವಿ ಇರಬಹುದು. 0 ಡಿಗ್ರಿಯಲ್ಲಿ ಇದು ಸುಮಾರು 5 ಗ್ರಾಂ. -20 ಡಿಗ್ರಿಯಲ್ಲಿ ಸುಮಾರು 1 ಗ್ರಾಂ ಮಾತ್ರ. ಆದ್ದರಿಂದ ಧ್ರುವ ಪ್ರದೇಶದಿಂದ ಬರುವ ಗಾಳಿ ಚಳಿಯನ್ನು ತಂದರೂ ಒಣಗಿರುತ್ತದೆ. ಕೊಲ್ಲಿಯಿಂದ ಬರುವ ಗಾಳಿಯಲ್ಲಿ ತೇವ ಹೇರಳ. ಆದರೆ ಅದು ಬೆಚ್ಚಗಿರುವುದರಿಂದ ಮಳೆಯನ್ನು ಮಾತ್ರ ತರುತ್ತದೆ.

2025ರ ಆ ದಿನ ಎರಡೂ ಸೇರಿದವು. ಉತ್ತರದಿಂದ ಇಳಿದ ಶೀತ ಗಾಳಿ ಮೊದಲೇ ನೆಲದ ಮೇಲೆ ಹರಡಿತ್ತು. ಶೀತ ಗಾಳಿಯ ಸಾಂದ್ರತೆ ಹೆಚ್ಚು. ಹಾಗಾಗಿ ಕೊಲ್ಲಿಯ ತೇವಭರಿತ ಗಾಳಿ ಅದರ ಮೇಲೇರಿ ತಣಿಯಿತು. ಮೋಡದಿಂದ ನೆಲದವರೆಗೆ ಎಲ್ಲಿಯೂ ಹರಳುಗಳನ್ನು ಕರಗಿಸುವಷ್ಟು ಬೆಚ್ಚನೆಯ ಪದರ ಇಲ್ಲದ್ದರಿಂದ ಅವು ಹಿಮವಾಗಿಯೇ ನೆಲ ತಲುಪಿದವು. ನಡುವೆ ಅಂಥ ಪದರವಿದ್ದಿದ್ದರೆ ಹರಳು ಕರಗಿ ಹನಿಯಾಗುತ್ತಿತ್ತು. ಆ ಹನಿ ತಣ್ಣನೆಯ ನೆಲ ಮುಟ್ಟಿದೊಡನೆ ಹೆಪ್ಪುಗಟ್ಟುವ ಅಪಾಯಕಾರಿ ಮಳೆಯಾಗುತ್ತಿತ್ತು.

ಹರಿದ್ವಾರದಲ್ಲಿ ಏಕಿಲ್ಲ?

ಅಕ್ಷಾಂಶ ಒಂದೇ ಆದರೂ ಹರಿದ್ವಾರಕ್ಕೆ ಇಂಥ ಧ್ರುವೀಯ ಗಾಳಿ ನುಗ್ಗುವುದಿಲ್ಲ. ಪೂರ್ವ-ಪಶ್ಚಿಮವಾಗಿ ಹಬ್ಬಿರುವ ಹಿಮಾಲಯ ಅದನ್ನು ತಡೆಯುತ್ತದೆ. ಉತ್ತರ ಅಮೆರಿಕದ ರಾಕಿ ಪರ್ವತಗಳು ಉತ್ತರ-ದಕ್ಷಿಣವಾಗಿವೆ. ಕೆನಡಾದಿಂದ ಮೆಕ್ಸಿಕೊ ಕೊಲ್ಲಿಯವರೆಗಿನ ಬಯಲಿನಲ್ಲಿ ಶೀತ ಗಾಳಿಗೆ ಅಡ್ಡಿಯೇ ಇಲ್ಲ.

ನಮ್ಮಲ್ಲಿ ಬೇಸಿಗೆಯ ಗುಡುಗು ಮಳೆಯೊಂದಿಗೆ ಬೀಳುವ ಆಲಿಕಲ್ಲನ್ನು ಕೆಲವರು ಹಿಮವೆಂದೇ ಕರೆಯುವುದುಂಟು. ಅದು ಬೇರೆ. ಬಲವಾದ ಮೇಲ್ಮುಖ ಗಾಳಿಯಲ್ಲಿ ನೀರಹನಿಗಳು ಪದರಪದರವಾಗಿ ಹೆಪ್ಪುಗಟ್ಟಿ ಆಲಿಕಲ್ಲಾಗುತ್ತವೆ. ಹಿಮದ ಹರಳು ನೀರಾವಿಯಿಂದಲೇ ನೇರವಾಗಿ ಬೆಳೆಯುತ್ತದೆ.

ಹಿಮದ ನಂತರದ ಚಳಿ

ಹಿಮ ನಿಂತ ಮರುದಿನ, ಸಮೀಪದ ಬ್ಯಾಟನ್ ರೂಜ್‌ನಲ್ಲಿ ಉಷ್ಣತೆ ಸುಮಾರು -14 ಡಿಗ್ರಿಗೆ ಇಳಿಯಿತು. ಇದಕ್ಕೆ ಶೀತ ಗಾಳಿಯ ಜೊತೆಗೆ ಹಿಮವೂ ಕಾರಣ. ಹೊಸ ಹಿಮ ಬಿಸಿಲಿನ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ರಾತ್ರಿ ಅವಕೆಂಪು ಕಿರಣಗಳನ್ನು ಹೆಚ್ಚುಕಡಿಮೆ ಕಪ್ಪು ಕಾಯದಂತೆ ಸೂಸುತ್ತದೆ. ಒಳಗೆ ಗಾಳಿ ತುಂಬಿರುವುದರಿಂದ ನೆಲದ ಶಾಖ ಮೇಲೆ ಬಾರದಂತೆಯೂ ತಡೆಯುತ್ತದೆ. ಹತ್ತು ಸೆಂ.ಮೀ. ಹಿಮಕ್ಕೆ ಒಂದು ಸೆಂ.ಮೀ. ನೀರು ಎಂಬ ಸಾಮಾನ್ಯ ಅಂದಾಜಿನಂತೆ, 20 ಸೆಂ.ಮೀ. ಹಿಮವಿರುವ ಒಂದು ಚದರ ಮೀಟರ್‌ನಲ್ಲಿ 20 ಕಿ.ಗ್ರಾಂ. ನೀರಿರುತ್ತದೆ. ಅದನ್ನು ಕರಗಿಸಲು ಬೇಕಾದ ಗುಪ್ತೋಷ್ಣ ಸುಮಾರು 67 ಲಕ್ಷ ಜೂಲ್. ಹಿಮ ತೆಗೆಯುವ ಯಂತ್ರಗಳ ಅಗತ್ಯವೇ ಬೀಳದ ಊರುಗಳಲ್ಲಿ ಹೆದ್ದಾರಿಗಳನ್ನು ಮುಚ್ಚಬೇಕಾಗಿ ಬಂದದ್ದು ಆಶ್ಚರ್ಯವಲ್ಲ.

ಹವೆಯೇ ಬೇರೆ, ವಾಯುಗುಣವೇ ಬೇರೆ

ಈಗ ಮೊದಲ ಪ್ರಶ್ನೆಗೆ ಬರೋಣ. ಯುರೋಪಿನ ಕೊಪರ್ನಿಕಸ್ ವಾಯುಗುಣ ಸೇವೆಯ ಲೆಕ್ಕದಂತೆ, ಇಡೀ ಭೂಮಿಯ ಸರಾಸರಿಯನ್ನು ತೆಗೆದುಕೊಂಡರೆ 2025ರ ಜನವರಿ ಅಲ್ಲಿಯವರೆಗಿನ ಜನವರಿಗಳಲ್ಲೆಲ್ಲ ಅತ್ಯಂತ ಬಿಸಿಯಾದದ್ದು. ಕೈಗಾರಿಕಾಪೂರ್ವ ಕಾಲಕ್ಕಿಂತ 1.75 ಡಿಗ್ರಿ ಹೆಚ್ಚು. ಅದೇ ತಿಂಗಳು ನ್ಯೂ ಆರ್ಲಿಯನ್ಸ್ ಹಿಮದಲ್ಲಿ ಮುಳುಗಿತ್ತು. ಎರಡೂ ನಿಜ. ಧ್ರುವ ಪ್ರದೇಶದಲ್ಲಿ ಚಳಿಗಾಲದ ದೀರ್ಘ ರಾತ್ರಿ ಈಗಲೂ ಇದೆ. ಅಲ್ಲಿನ ಶೀತ ಗಾಳಿ ಒಂದು ಕಡೆ ದಕ್ಷಿಣಕ್ಕೆ ಜಾರಿದರೆ ಆ ಪ್ರದೇಶ ತಣ್ಣಗಾಗುತ್ತದೆ, ಭೂಮಿಯಲ್ಲ.

ಒಂದು ಊರಿನ ಒಂದು ದಿನದ ಉಷ್ಣತೆ ಹವೆಯನ್ನು ತಿಳಿಸುತ್ತದೆ. ವಾಯುಗುಣವನ್ನು ತಿಳಿಯಲು ಅನೇಕ ಊರುಗಳ ಅನೇಕ ವರ್ಷಗಳ ಅಳತೆ ಬೇಕು. ಈ ಘಟನೆಯನ್ನು ಮುಂದಿಟ್ಟುಕೊಂಡು ಈ ವ್ಯತ್ಯಾಸವನ್ನು ತರಗತಿಯಲ್ಲಿ ಚರ್ಚಿಸಬಹುದು.