ನಿಮಗಿದು ಗೊತ್ತೇ? ನರ್ಸ್‌ಗಳ ಅಗ್ಗದ ಪದವಿ, ಅವಸರದ ಪದವಿ

◆ ಅಮೆರಿಕದಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿದವರೂ ನಾಲ್ಕು ವರ್ಷದ ಬಿಎಸ್‌ಎನ್ (ನರ್ಸಿಂಗ್ ಪದವಿ) ಮಾಡಿದವರೂ ಬರೆಯುವುದು ಒಂದೇ ಪರೀಕ್ಷೆ: ಎನ್‌ಕ್ಲೆಕ್ಸ್-ಆರ್‌ಎನ್. ಲೈಸೆನ್ಸೂ ಒಂದೇ. ಹಾಗಾಗಿ ಅಸೋಸಿಯೇಟ್ ಡಿಗ್ರಿ ಇದ್ದು, ಡ್ಯೂಟಿ ಮಾಡುತ್ತಲೇ ಓದಿ ಬಿಎಸ್‌ಎನ್ ಮುಗಿಸಿದ ಸಿಸ್ಟರ್‌ಗೆ ಹೊಸ ಲೈಸೆನ್ಸೇನೂ ಬರುವುದಿಲ್ಲ, ಇನ್ನೊಂದು ಪರೀಕ್ಷೆಯ ಕಾಟವೂ ಇಲ್ಲ.

◆ ಆ ಎರಡು ವರ್ಷದ ಕೋರ್ಸು ಹುಟ್ಟಿದ್ದು ಒಂದು ಡಾಕ್ಟರೇಟ್ ಪ್ರಬಂಧದಿಂದ. ಎರಡನೇ ಮಹಾಯುದ್ಧಾನಂತರ ನರ್ಸ್‌ಗಳಿಗೆ ಬರ ಬಂದಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಮಿಲ್ಡ್ರೆಡ್ ಮಾಂಟಾಗ್ 1951ರಲ್ಲಿ ಈ ದಾರಿ ಸೂಚಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಪದವೀಧರ ನರ್ಸ್‌ಗೆ ನೆರವಾಗುವ ತಂತ್ರಜ್ಞೆ. ಆಗಿದ್ದು ಬೇರೆ: ಇಬ್ಬರಿಗೂ ಒಂದೇ ಲೈಸೆನ್ಸ್ ಕೊಟ್ಟರು. ಎರಡು ವರ್ಷ ಸಾಕೇ, ಬಿಎಸ್‌ಎನ್ ಬೇಕೇ ಎಂಬ ಇಂದಿನ ತಕರಾರಿನ ಬೇರು ಇಲ್ಲೇ ಇದೆ.

◆ ಪದವಿಯೇ ಕನಿಷ್ಠ ಅರ್ಹತೆಯಾಗಲಿ ಎಂದು ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಹೇಳಿದ್ದು 1965ರಲ್ಲಿ. ನಾರ್ತ್ ಡಕೋಟಾ ರಾಜ್ಯ ಅದನ್ನು 1987ರಲ್ಲಿ ಜಾರಿಗೆ ತಂದು, 2003ರಲ್ಲಿ ಕೈಬಿಟ್ಟಿತು!

◆ ನ್ಯೂಯಾರ್ಕ್ ಜಾಣತನದ ದಾರಿ ಹಿಡಿಯಿತು. 2017ರ ಕಾನೂನಿನ ಪ್ರಕಾರ ಮೊದಲು ಕೆಲಸಕ್ಕೆ ಸೇರಿ, ಲೈಸೆನ್ಸ್ ಸಿಕ್ಕ 10 ವರ್ಷದೊಳಗೆ ಬಿಎಸ್‌ಎನ್ ಮುಗಿಸಿದರಾಯಿತು. ಆಗಲೇ ನರ್ಸ್ ಆಗಿದ್ದವರಿಗೆ ವಿನಾಯಿತಿ.

◆ ಆಸ್ಪತ್ರೆಗಳು ಪದವಿ ಕೇಳುವುದು ಬರೀ ಜಂಭಕ್ಕಲ್ಲ. ಸಂಶೋಧಕಿ ಲಿಂಡಾ ಐಕನ್ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೇ ಇದಕ್ಕೆ ದೊಡ್ಡ ಆಧಾರ. ಪದವೀಧರ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದ ಕಡೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ. 5ರಷ್ಟು ಕಡಿಮೆ ಇತ್ತು. ಒಂದೇ ವರ್ಷದಲ್ಲಿ ಆನ್‌ಲೈನಿನಲ್ಲಿ ಮುಗಿಸಿದ ಪದವಿಗೂ ಇದೇ ಫಲವೇ? ಆ ಅಧ್ಯಯನ ಕೇಳಿದ್ದು ಆ ಪ್ರಶ್ನೆಯನ್ನಲ್ಲ. ಅಂಥ ಕೋರ್ಸುಗಳ ಜಾಹೀರಾತಿನವರು ಮಾತ್ರ ಅದನ್ನು ಧಾರಾಳವಾಗಿ ಉಲ್ಲೇಖಿಸುತ್ತಾರೆ.

◆ ‘ಒಂದು ಕ್ರೆಡಿಟ್‌ಗೆ ಎಷ್ಟು ಡಾಲರ್?’ ಎಂದು ಎಲ್ಲರೂ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ‘ನನ್ನ ಹಳೆಯ ಕ್ರೆಡಿಟ್ ಎಷ್ಟು ಒಪ್ಪುತ್ತೀರಿ?’ ಎಂದು. ಕ್ರೆಡಿಟ್ ಎಂದರೆ ಓದಿನ ಅಳತೆ; ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. 300 ಡಾಲರಿನ ಕಾಲೇಜು ನಿಮ್ಮ 60 ಕ್ರೆಡಿಟ್ ಮಾತ್ರ ಒಪ್ಪಿತು ಅನ್ನಿ, ಉಳಿದ 60ಕ್ಕೆ 18,000 ಡಾಲರ್. 400 ಡಾಲರಿನ ಕಾಲೇಜು 90 ಒಪ್ಪಿದರೆ ಕಟ್ಟಬೇಕಾದ್ದು 12,000. ದುಬಾರಿ ಅಂದುಕೊಂಡದ್ದೇ ಅಗ್ಗ!

◆ ಕ್ರೆಡಿಟ್‌ನಲ್ಲೂ ಎರಡು ಅಳತೆ ಉಂಟು. ಕ್ವಾರ್ಟರ್ ಪದ್ಧತಿಯ ಮೂರು ಕ್ರೆಡಿಟ್ ಸೆಮಿಸ್ಟರ್ ಪದ್ಧತಿಯ ಎರಡಕ್ಕೆ ಸಮ. ಅಂದರೆ ಕ್ವಾರ್ಟರ್ ಲೆಕ್ಕದ 300 ಡಾಲರ್, ಸೆಮಿಸ್ಟರ್ ಲೆಕ್ಕದಲ್ಲಿ 450.

◆ ಕ್ರೆಡಿಟ್ ಲೆಕ್ಕವನ್ನೇ ಬದಿಗಿಟ್ಟ ಸಂಸ್ಥೆಯೂ ಇದೆ. 19 ರಾಜ್ಯಗಳ ಗವರ್ನರ್‌ಗಳು ಸೇರಿ 1997ರಲ್ಲಿ ಕಟ್ಟಿದ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಲ್ಲಿ ಆರು ತಿಂಗಳಿಗೆ ಒಂದೇ ಶುಲ್ಕ, ಅಷ್ಟರೊಳಗೆ ಎಷ್ಟು ವಿಷಯ ಬೇಕಾದರೂ ಪಾಸು ಮಾಡಿಕೊಳ್ಳಬಹುದು. ವಾರ್ಡಿನಲ್ಲಿ ಪಳಗಿದವರಿಗೆ ಲಾಭವೇ. ವಾರಕ್ಕೆ ಮೂರು ನೈಟ್ ಡ್ಯೂಟಿ, ಮನೆಯಲ್ಲಿ ಚಿಕ್ಕ ಮಗು ಎಂದಾದರೆ ಇನ್ನೊಮ್ಮೆ ಯೋಚಿಸಿ. ಒಂದೆರಡು ವಿಷಯ ಉಳಿದರೂ ಮುಂದಿನ ಆರು ತಿಂಗಳ ಶುಲ್ಕ ಕಾದಿರುತ್ತದೆ.

◆ ಮಾನ್ಯತೆಯೂ ಎರಡು ಬಗೆ: ಸಂಸ್ಥೆಗೊಂದು, ನರ್ಸಿಂಗ್ ಕೋರ್ಸಿಗೊಂದು. ಎರಡನೆಯದನ್ನು ಕೊಡುವವರಲ್ಲಿ ಸಿಸಿಎನ್‌ಇ, ಎಸಿಇಎನ್ ಮುಖ್ಯ. ಅದಿಲ್ಲದ ಕಡೆ ಓದಿದವರಿಗೆ ಮುಂದೆ ಎಂಎಸ್‌ಎನ್ (ಸ್ನಾತಕೋತ್ತರ ನರ್ಸಿಂಗ್) ಸೀಟು ಕೇಳುವಾಗ ತೊಡಕಾಗುತ್ತದೆ. ಕಾಲೇಜಿನವರ ಮಾತು ನಂಬಿ ಕೂರಬೇಡಿ, ಮಾನ್ಯತೆ ಕೊಟ್ಟವರ ಪಟ್ಟಿಯಲ್ಲೇ ಹೆಸರು ಹುಡುಕಿ.

◆ ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಹೆಲ್ತ್ ನರ್ಸ್ ಪ್ರಮಾಣಪತ್ರ ಬೇಕೆಂದರೆ ಮೇಲ್ವಿಚಾರಣೆಯಲ್ಲಿ 90 ಗಂಟೆಯ ಕ್ಲಿನಿಕಲ್ ಅನುಭವ ಕಡ್ಡಾಯ. ಅವಸರದ ಕೋರ್ಸಿನಲ್ಲಿ ಅಷ್ಟು ಗಂಟೆ ಇಲ್ಲದಿದ್ದರೆ ಪದವಿ ಕೈಲಿದ್ದೂ ಆ ಕೆಲಸ ಕೈಗೆಟುಕದು.

◆ ಮಾಲೀಕರು ಓದಿಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ ಎಂಬ ಮಿತಿ ಅಮೆರಿಕದಲ್ಲಿ ದಶಕಗಳಿಂದ ನಡೆದುಬಂದಿದೆ. ಲೆಕ್ಕ ಕ್ಯಾಲೆಂಡರ್ ವರ್ಷದ್ದು. ಆಗಸ್ಟಿನಲ್ಲಿ ಸೇರಿ ಮೇ ತಿಂಗಳಲ್ಲಿ ಮುಗಿಸಿದರೆ ಎರಡು ವರ್ಷದ ಮಿತಿ ಬಳಸಿಕೊಳ್ಳಬಹುದು. ಸಹಿ ಹಾಕುವ ಮೊದಲು, ಎಷ್ಟು ವರ್ಷ ಕೆಲಸ ಬಿಡುವಂತಿಲ್ಲ ಎಂಬ ಷರತ್ತನ್ನೂ ಓದಿಕೊಳ್ಳಿ.

◆ ತೀರಾ ಅವಸರದ ಪದವಿಯ ಕಥೆ ಹೊರಬಿದ್ದದ್ದು 2023ರ ಜನವರಿಯಲ್ಲಿ, ‘ಆಪರೇಷನ್ ನೈಟಿಂಗೇಲ್’ ತನಿಖೆಯಲ್ಲಿ. ಫ್ಲಾರಿಡಾದ ಮೂರು ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾಗಳು ಮಾರಾಟವಾಗಿದ್ದವು. ಅದು ಅಗ್ಗವೂ ಅಲ್ಲ, ಒಂದೊಂದಕ್ಕೆ 10,000 ಡಾಲರಿಗೂ ಮೇಲೆ! ಬೆಚ್ಚಿಬೀಳಿಸುವ ಸಂಗತಿ ಬೇರೆ ಇದೆ: ಕೊಂಡವರಲ್ಲಿ ಸುಮಾರು 2,400 ಮಂದಿ ಲೈಸೆನ್ಸ್ ಪರೀಕ್ಷೆ ಪಾಸಾಗಿದ್ದರು.

◆ ಕೆಲಸದಲ್ಲಿರುವ ನರ್ಸ್‌ಗಳು ಪದವಿಗೆ ಏರಲು ನಮ್ಮಲ್ಲೂ ಇಂಥದ್ದೇ ಸೇತುವೆ ಇದೆ. ಜಿಎನ್‌ಎಂ ಡಿಪ್ಲೊಮಾ ಮಾಡಿದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಕರ್ನಾಟಕದಲ್ಲಿ ಇದರ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕೆಲಸದಲ್ಲಿರುವವರಿಗಾಗಿ ಇಗ್ನೋ 1994ರಲ್ಲೇ ಮೂರು ವರ್ಷದ ದೂರಶಿಕ್ಷಣದ ಕೋರ್ಸು ತೆರೆದಿತ್ತು.

◆ ಇಲ್ಲೇ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು ಬಿಎಸ್‌ಎನ್ ಜಾಹೀರಾತಿಗೆ ಮರುಳಾಗಬೇಕಿಲ್ಲ. ಮೊದಲು ತಮ್ಮ ಪದವಿಯ ಸಮಾನತೆಯ ಮೌಲ್ಯಮಾಪನ ಮಾಡಿಸಿ ನೋಡುವುದು ಲೇಸು. ಇನ್ನು, ಊರಲ್ಲಿ ಬಿ.ಎ. ಮಾಡಿಕೊಂಡು ಹೋಗಿ, ಗ್ರೀನ್ ಕಾರ್ಡ್ ಪಡೆದು, ಅಲ್ಲಿ ಎರಡು ವರ್ಷದ ನರ್ಸಿಂಗ್ ಓದಿದವರು ಗಮನಿಸಿ: ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಮೊದಲ ಪದವಿಗೆ ಮಾತ್ರ. ನಮ್ಮೂರಿನ ಬಿ.ಎ. ಕೂಡ ಆ ಲೆಕ್ಕಕ್ಕೆ ಸೇರಬಹುದು.